ಅಮ್ಮ ಕೊಟ್ಟ ಬಳುವಳಿ

ನಲವತ್ತು ದಾಟಿದ ಹೆಂಗಸರು ನಾಲ್ಕು ಜನ ಒಂದು ಕಡೆ ಸೇರಿದರೆ, ಮಾತು ಎಲ್ಲಿಂದ ಶುರುವಾದರೂ ಕೊನೆಗೆ ಮೈಕೈ ವಿಷಯಕ್ಕೇ ಬಂದು ನಿಲ್ಲುತ್ತದೆ. “ಮೊದಲಿನ ಹಾಗೆ ಕೈಲಾಗೋದಿಲ್ಲ ಕಣ್ರೀ.” “ತಿನ್ನೋದು ಅಷ್ಟೇ, ಹೊಟ್ಟೆ ಮಾತ್ರ ಮುಂದೆ ಬರ್ತಾ ಇದೆ.” “ಡಾಕ್ಟರು ಸಕ್ಕರೆ ಅಂಚಿನಲ್ಲಿದೆ ಅಂದ್ರು.” ಮದುವೆ ಮನೆಯಲ್ಲಿ, ಅರಿಸಿನ ಕುಂಕುಮಕ್ಕೆ ಹೋದಲ್ಲಿ, ಬಸ್ ನಿಲ್ದಾಣದಲ್ಲಿ ನಾವು ದಿನವೂ ಕೇಳುವ ಮಾತುಗಳಿವು. ವಯಸ್ಸಾಯಿತು, ಇನ್ನೇನು ಎಂದು ಹೇಳಿಕೊಂಡು ಸುಮ್ಮನಾಗುತ್ತೇವೆ. ಆದರೆ ವಯಸ್ಸಾಗುವುದು ಎಂದರೆ ಮೈಯೊಳಗೆ ಏನಾಗುವುದು? ಇದನ್ನು ಕೇಳಿಕೊಂಡವರು ನಮ್ಮಲ್ಲಿ ಕಡಿಮೆ.

ಈಚೆಗೆ ಇದಕ್ಕೆ ಉತ್ತರವೆಂಬಂತೆ ಒಂದು ಹೊಸ ಪದ ಮೊಬೈಲಿನ ಜಾಹೀರಾತುಗಳ ಮೂಲಕ ಸಣ್ಣ ಊರುಗಳಿಗೂ ಬಂದು ತಲುಪಿದೆ. ‘ಪೆಪ್ಟೈಡ್’ ಎಂಬುದೇ ಆ ಪದ. ಕೊಬ್ಬು ಕರಗುತ್ತದೆ, ಸಕ್ಕರೆ ಇಳಿಯುತ್ತದೆ, ಹತ್ತು ವರ್ಷ ಚಿಕ್ಕವರಾಗುತ್ತೀರಿ ಎಂದೆಲ್ಲ ಅವುಗಳ ಬಣ್ಣನೆ. ನಾನು ಎಸ್.ಎಸ್.ಎಲ್.ಸಿ.ವರೆಗೆ ಓದಿದವಳು. ಬಿ.ಎಸ್‌ಸಿ. ಓದುತ್ತಿರುವ ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು, ಅರ್ಥವಾಗದ್ದನ್ನು ಎರಡೆರಡು ಸಲ ಕೇಳಿ ಈ ವಿಷಯವನ್ನು ತಿಳಿದುಕೊಂಡೆ. ಇದರಲ್ಲಿ ಬೆರಗಾಗುವ ಸಂಗತಿಯೂ ಇದೆ, ಎಚ್ಚರ ವಹಿಸಬೇಕಾದ ಸಂಗತಿಯೂ ಇದೆ. ಎರಡನ್ನೂ ಓದುಗ ಸೋದರಿಯರ ಮುಂದಿಡುವುದು ಈ ಲೇಖನದ ಉದ್ದೇಶ.

ಜೀವಕೋಶದೊಳಗಿನ ಒಲೆ

ನಮ್ಮ ದೇಹ ಕಣ್ಣಿಗೆ ಕಾಣದಷ್ಟು ಚಿಕ್ಕದಾದ ಜೀವಕೋಶಗಳಿಂದ ಆಗಿದೆ ಎಂದು ಹೈಸ್ಕೂಲಿನಲ್ಲಿ ಓದಿದ್ದು ನಿಮಗೂ ನೆನಪಿರಬಹುದು. ಒಂದೊಂದು ಜೀವಕೋಶವನ್ನೂ ಒಂದೊಂದು ಪುಟ್ಟ ಮನೆ ಎಂದುಕೊಳ್ಳಿ. ಆ ಮನೆಯಲ್ಲಿ ಒಲೆಗಳಿವೆ. ಅವುಗಳ ಹೆಸರು ಮೈಟೋಕಾಂಡ್ರಿಯ. ನಾವು ತಿಂದ ಅನ್ನ, ಮುದ್ದೆ, ರೊಟ್ಟಿ ಜೀರ್ಣವಾಗಿ ಸಕ್ಕರೆಯಾಗಿಯೂ ಕೊಬ್ಬಾಗಿಯೂ ರಕ್ತದ ಮೂಲಕ ಈ ಮನೆಗಳಿಗೆ ಬರುತ್ತದೆ. ಅದೇ ಸೌದೆ. ನಾವು ಎಳೆದುಕೊಂಡ ಉಸಿರಿನಲ್ಲಿರುವ ಆಮ್ಲಜನಕವೇ ಗಾಳಿ. ಎರಡೂ ಸೇರಿ ಒಲೆ ಹದವಾಗಿ ಉರಿದರೆ ನಮಗೆ ಕೈಕಾಲು ಆಡಿಸುವ ಶಕ್ತಿ ಸಿಗುತ್ತದೆ, ಮೈ ಬೆಚ್ಚಗಿರುತ್ತದೆ. ಒಂದು ಜೀವಕೋಶದಲ್ಲಿ ಇಂಥ ಒಲೆಗಳು ನೂರಾರು ಇರಬಹುದು, ಸಾವಿರವೂ ದಾಟಬಹುದು. ಹಗಲೂ ರಾತ್ರಿ ಬಿಡುವಿಲ್ಲದೆ ದುಡಿಯುವ ಹೃದಯದ ಸ್ನಾಯುವಿನಲ್ಲಂತೂ ಸುಮಾರು ಮೂರರಲ್ಲಿ ಒಂದು ಪಾಲು ಜಾಗ ಈ ಒಲೆಗಳದ್ದೇ.

ಇವಕ್ಕೆ ಈ ಹೆಸರಿಟ್ಟವರು ಜರ್ಮನಿಯ ಕಾರ್ಲ್ ಬೆಂಡಾ, 1898ರಲ್ಲಿ. ಗ್ರೀಕ್ ಭಾಷೆಯಲ್ಲಿ ನೂಲು, ಕಾಳು ಎಂಬ ಎರಡು ಪದಗಳನ್ನು ಸೇರಿಸಿ ಮಾಡಿದ ಹೆಸರು ಅದು. ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಕೆಲವು ನೂಲಿನೆಳೆಯಂತೆ, ಕೆಲವು ಕಾಳಿನಂತೆ ಕಂಡವಂತೆ.

ಮನೆಯ ಒಲೆ ಹಳೆಯದಾದರೆ ಏನಾಗುತ್ತದೆ ಎಂದು ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಸೌದೆ ಅರ್ಧಂಬರ್ಧ ಉರಿಯುತ್ತದೆ, ಹೊಗೆ ಹೆಚ್ಚು, ಶಾಖ ಕಡಿಮೆ. ವಯಸ್ಸಾದಂತೆ ಮೈಯೊಳಗಿನ ಒಲೆಗಳ ಕಥೆಯೂ ಹೆಚ್ಚುಕಡಿಮೆ ಹೀಗೆಯೇ. ತಂದು ಹಾಕಿದ ಸೌದೆ ಉರಿಯದೆ ಉಳಿದರೆ ರಕ್ತದಲ್ಲಿ ಸಕ್ಕರೆಯಾಗಿ ನಿಲ್ಲುತ್ತದೆ, ಸೊಂಟದ ಸುತ್ತ ಕೊಬ್ಬಾಗಿ ಕೂರುತ್ತದೆ. “ತಿನ್ನೋದು ಅಷ್ಟೇ, ಹೊಟ್ಟೆ ಮಾತ್ರ ಮುಂದೆ ಬರ್ತಾ ಇದೆ” ಎಂಬ ಮಾತಿನ ಹಿಂದೆ ಇದೂ ಒಂದು ಕಾರಣ.

ತಾಯಿಯಿಂದ ಮಾತ್ರ ಬರುವ ಆಸ್ತಿ

ಇಲ್ಲಿಂದ ಮುಂದಿನದು ನಮ್ಮಂಥ ಹೆಂಗಸರು ಹೆಮ್ಮೆಯಿಂದ ಕೇಳಬೇಕಾದ ಸಂಗತಿ. ಮಗುವಿನ ಕಣ್ಣು, ಮೂಗು, ಬಣ್ಣ ಇವೆಲ್ಲ ತಂದೆ ತಾಯಿ ಇಬ್ಬರಿಂದಲೂ ಬರುತ್ತವೆ. ಅದನ್ನು ನಿರ್ಧರಿಸುವ ಡಿ.ಎನ್.ಎ. ಎಂಬ ಬರಹ ಜೀವಕೋಶದ ನಡುಮನೆಯಲ್ಲಿ, ಅಂದರೆ ಕೋಶಕೇಂದ್ರದಲ್ಲಿ, ಇರುತ್ತದೆ. ಆದರೆ ಈ ಒಲೆಗಳಿಗೆ ತಮ್ಮದೇ ಆದ ಬೇರೊಂದು ಪುಟ್ಟ ಡಿ.ಎನ್.ಎ. ಇದೆ. ಅದು ಮಗುವಿಗೆ ಬರುವುದು ತಾಯಿಯಿಂದ ಮಾತ್ರ. ತಾಯಿಯ ಅಂಡದಲ್ಲಿ ಮೈಟೋಕಾಂಡ್ರಿಯಗಳು ಲಕ್ಷದ ಲೆಕ್ಕದಲ್ಲಿರುತ್ತವೆ. ತಂದೆಯ ಕಡೆಯಿಂದ ಬರುವ ಕೆಲವೇ ಕೆಲವು ಒಳಗೆ ಬಂದ ಮೇಲೆ ನಾಶವಾಗಿಬಿಡುತ್ತವೆ.

ಹೀಗಾಗಿ ನನ್ನ ಮೈಯ ಒಲೆಗಳು ನನ್ನ ಅಮ್ಮನವು, ಅವಳವು ಅಜ್ಜಿಯವು, ಅಜ್ಜಿಯವು ಮುತ್ತಜ್ಜಿಯವು. ಗಂಡುಮಕ್ಕಳಿಗೂ ಇದು ಅಮ್ಮನಿಂದಲೇ ಬರುತ್ತದೆ, ಆದರೆ ಅವರು ಅದನ್ನು ತಮ್ಮ ಮಕ್ಕಳಿಗೆ ದಾಟಿಸಲಾರರು. ಹೆಣ್ಣಿನಿಂದ ಹೆಣ್ಣಿಗೆ ಸಾಗುವ ಈ ಆಸ್ತಿಯನ್ನು ಬಳುವಳಿ ಎನ್ನದೆ ಮತ್ತೇನೆನ್ನಬೇಕು? ಯಾವ ನಾದಿನಿಯೂ ಪಾಲು ಕೇಳದ, ಯಾವ ಸಾಲಗಾರನೂ ಕೊಂಡೊಯ್ಯಲಾರದ ಬಳುವಳಿ!

ಒಲೆಗಳಿಗೆ ಸ್ವಂತ ಡಿ.ಎನ್.ಎ. ಹೇಗೆ ಬಂತು? ನೂರಾರು ಕೋಟಿ ವರ್ಷಗಳ ಹಿಂದೆ ಇವು ಸ್ವತಂತ್ರವಾಗಿ ಬದುಕುತ್ತಿದ್ದ ಬ್ಯಾಕ್ಟೀರಿಯಗಳಾಗಿದ್ದವು, ಇನ್ನೊಂದು ಜೀವಕೋಶದ ಒಳಗೆ ಸೇರಿ ಅಲ್ಲೇ ಮನೆಯವರಾಗಿಬಿಟ್ಟವು ಎಂದು ವಿಜ್ಞಾನಿಗಳು ಹೇಳುತ್ತಾರೆ. 1967ರಲ್ಲಿ ಈ ವಿಚಾರವನ್ನು ಗಟ್ಟಿಯಾಗಿ ಮಂಡಿಸಿದವರು ಅಮೆರಿಕದ ಒಬ್ಬ ಮಹಿಳೆ, ಲಿನ್ ಮಾರ್ಗುಲಿಸ್. ಅವರ ಲೇಖನವನ್ನು ಮೊದಲು ಹಲವು ಪತ್ರಿಕೆಗಳು ಹಿಂದಕ್ಕೆ ಕಳಿಸಿದ್ದವು. ಇವತ್ತು ಅದು ಕಾಲೇಜಿನ ಪಾಠ.

ಈ ಪುಟ್ಟ ಡಿ.ಎನ್.ಎ.ಯನ್ನು ಪೂರ್ತಿಯಾಗಿ ಓದಿ ಮುಗಿಸಿದ್ದು 1981ರಲ್ಲಿ, ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ, ಫ್ರೆಡರಿಕ್ ಸ್ಯಾಂಗರ್ ಅವರ ತಂಡ. ಕೋಶಕೇಂದ್ರದ ಡಿ.ಎನ್.ಎ.ಯಲ್ಲಿ ಸುಮಾರು 300 ಕೋಟಿ ಅಕ್ಷರಗಳಿದ್ದರೆ ಇದರಲ್ಲಿ ಇರುವುದು ಬರೀ 16,569. ಅದರಲ್ಲಿ 37 ಜೀನುಗಳು, ಅವುಗಳಲ್ಲಿ 13 ಪ್ರೋಟೀನು ಮಾಡುವಂಥವು. ಅಷ್ಟೇ, ಲೆಕ್ಕ ಮುಗಿಯಿತು ಎಂದು ಇಪ್ಪತ್ತು ವರ್ಷ ಎಲ್ಲರೂ ನಂಬಿದ್ದರು.

ಪೆಪ್ಟೈಡ್ ಎಂದರೇನು?

ಮುಂದೆ ಹೋಗುವ ಮೊದಲು ಈ ಪದವನ್ನು ಬಿಡಿಸಿಕೊಳ್ಳೋಣ. ಬೇಳೆ, ಹಾಲು, ಮೊಟ್ಟೆಗಳಲ್ಲಿರುವ ಪ್ರೋಟೀನು ಅಮೈನೋ ಆಮ್ಲಗಳೆಂಬ ಮಣಿಗಳನ್ನು ಪೋಣಿಸಿದ ಉದ್ದನೆಯ ಸರ. ಅದೇ ಮಣಿಗಳ ಗಿಡ್ಡ ಸರವೇ ಪೆಪ್ಟೈಡ್. ಕಾಸಿನ ಸರಕ್ಕೂ ಕರಿಮಣಿಯ ಎಳೆಗೂ ಇರುವಷ್ಟೇ ವ್ಯತ್ಯಾಸ. ಗಿಡ್ಡದೆಂದು ಕಡೆಗಣಿಸುವಂತಿಲ್ಲ. ಸಕ್ಕರೆ ಕಾಯಿಲೆಯವರು ಚುಚ್ಚಿಕೊಳ್ಳುವ ಇನ್ಸುಲಿನ್ ಕೂಡ 51 ಮಣಿಗಳ ಇಂಥದೇ ಸರ. ದೇಹದ ಒಂದು ಭಾಗ ಇನ್ನೊಂದಕ್ಕೆ ಸುದ್ದಿ ಮುಟ್ಟಿಸಬೇಕಾದಾಗ ಪೆಪ್ಟೈಡುಗಳು ಚೀಟಿಯ ಕೆಲಸ ಮಾಡುತ್ತವೆ. ‘ಸಕ್ಕರೆ ಬಂದಿದೆ, ಒಳಗೆ ತೆಗೆದುಕೊಳ್ಳಿ’ ಎಂಬುದು ಇನ್ಸುಲಿನ್ ಒಯ್ಯುವ ಚೀಟಿ.

ನಮ್ಮ ಒಲೆಗಳೂ ಹೀಗೆ ಚೀಟಿ ಕಳಿಸುತ್ತವೆ ಎಂಬುದು ಈ ಶತಮಾನದಲ್ಲಿ ಗೊತ್ತಾದ ಹೊಸ ಸಂಗತಿ.

ಟೋಕಿಯೋದಲ್ಲಿ ಸಿಕ್ಕ ಮೊದಲ ಚೀಟಿ

ಮರೆವಿನ ಕಾಯಿಲೆ ಆಲ್ಜೈಮರ್ ಹೆಸರನ್ನು ನೀವು ಕೇಳಿದ್ದೀರಿ. ಮನೆಯಲ್ಲಿ ಹಿರಿಯರಿಗೆ ಅದು ಬಂದಿದ್ದರೆ ನೋಡಿಕೊಳ್ಳುವ ಕಷ್ಟವೂ ಗೊತ್ತು. ಈ ಕಾಯಿಲೆಯಲ್ಲಿ ಮೆದುಳಿನ ನರಕೋಶಗಳು ಸಾಯುತ್ತಾ ಹೋಗುತ್ತವೆ. ಆದರೆ ಮೆದುಳಿನ ಹಿಂಭಾಗದಲ್ಲಿ, ಕಣ್ಣಿನ ನೋಟಕ್ಕೆ ಸಂಬಂಧಿಸಿದ ಜಾಗದಲ್ಲಿ, ಹಾನಿ ಕಡಿಮೆ. ಟೋಕಿಯೋ ನಗರದ ಕೇಯೊ ವಿಶ್ವವಿದ್ಯಾಲಯದ ಇಕುವೊ ನಿಶಿಮೊಟೊ ಅವರ ತಂಡ ಆ ಉಳಿದ ಭಾಗದಲ್ಲಿ ಕಾಪಾಡುವಂಥದ್ದು ಏನಿದೆ ಎಂದು ಹುಡುಕಿತು. 2001ರಲ್ಲಿ ಅವರಿಗೆ 24 ಮಣಿಗಳ ಒಂದು ಪೆಪ್ಟೈಡ್ ಸಿಕ್ಕಿತು. ಪ್ರಯೋಗಶಾಲೆಯ ತಟ್ಟೆಯಲ್ಲಿ ಅದು ನರಕೋಶಗಳನ್ನು ಸಾವಿನಿಂದ ಉಳಿಸಿತು. ಅದಕ್ಕೆ ಅವರು ಇಟ್ಟ ಹೆಸರು ‘ಹ್ಯೂಮನಿನ್’. ಮರೆವಿನಲ್ಲಿ ಕಳೆದುಹೋದವರಿಗೆ ಮನುಷ್ಯತ್ವ ಮರಳಿಸಬೇಕೆಂಬ ಆಸೆ ಆ ಹೆಸರಿನಲ್ಲಿದೆ.

ಆಶ್ಚರ್ಯವೆಂದರೆ ಈ ಹ್ಯೂಮನಿನ್ನಿನ ಬರಹ ಇದ್ದದ್ದು ಆ ಪುಟ್ಟ ಡಿ.ಎನ್.ಎ.ಯಲ್ಲಿ, ಪ್ರೋಟೀನು ಮಾಡುವುದಿಲ್ಲ ಎಂದು ಬಿಟ್ಟಿದ್ದ ಒಂದು ಭಾಗದೊಳಗೆ. ಇದೇನೋ ಅಪರೂಪದ ಆಕಸ್ಮಿಕ ಎಂದು ತಳ್ಳಿಹಾಕುವ ಹಾಗೂ ಇರಲಿಲ್ಲ. ಏಕೆಂದರೆ ಲಾಸ್ ಏಂಜಲೀಸಿನಲ್ಲಿ ಪಿಂಕಾಸ್ ಕೊಹೆನ್ ಅವರ ತಂಡ ಬೇರೆಯದೇ ದಾರಿಯಲ್ಲಿ ಹುಡುಕುತ್ತಾ 2003ರಲ್ಲಿ ಇದೇ ಪೆಪ್ಟೈಡಿಗೆ ಬಂದು ತಲುಪಿತು. ಮುಂದೆ ನಡೆದ ಅಧ್ಯಯನಗಳಲ್ಲಿ, ವಯಸ್ಸಾದಂತೆ ರಕ್ತದಲ್ಲಿ ಹ್ಯೂಮನಿನ್ ಇಳಿಯುತ್ತದೆ ಎಂದು ಕಂಡುಬಂತು. ನೂರು ವರ್ಷ ಬದುಕಿದವರ ಮಕ್ಕಳ ರಕ್ತದಲ್ಲಿ ಅದು ಅದೇ ವಯಸ್ಸಿನ ಬೇರೆಯವರಿಗಿಂತ ಹೆಚ್ಚಾಗಿತ್ತು ಎಂದು 2020ರಲ್ಲಿ ಪ್ರಕಟವಾಯಿತು. ಮೈಯಲ್ಲಿ ಹ್ಯೂಮನಿನ್ ಹೆಚ್ಚು ತಯಾರಾಗುವಂತೆ ಮಾಡಿದ ಒಂದು ಜಾತಿಯ ಪುಟ್ಟ ಹುಳುಗಳು ಹೆಚ್ಚು ದಿನ ಬದುಕಿದವು.

ಎರಡನೆಯ ಚೀಟಿ: ಮಾಟ್ಸ್-ಸಿ

ಹೆಸರು ಕೇಳಿ ಮಾಟ ಮಂತ್ರ ಎಂದುಕೊಳ್ಳಬೇಡಿ! ಇದು 16 ಮಣಿಗಳ ಪುಟ್ಟ ಪೆಪ್ಟೈಡ್. 2015ರಲ್ಲಿ ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಚಾಂಗ್‌ಹಾನ್ ಲೀ, ಪಿಂಕಾಸ್ ಕೊಹೆನ್ ಮತ್ತು ಅವರ ಜೊತೆಗಾರರು ಇದನ್ನು ಪ್ರಕಟಿಸಿದರು. ಹ್ಯೂಮನಿನ್ ನರಕೋಶಗಳನ್ನು ಕಾಯುವ ಚೀಟಿಯಾದರೆ, ಮಾಟ್ಸ್-ಸಿ ಸಕ್ಕರೆ ಮತ್ತು ಕೊಬ್ಬಿನ ಲೆಕ್ಕಾಚಾರಕ್ಕೆ ಸಂಬಂಧಿಸಿದ ಚೀಟಿ. ನಮ್ಮ ಸಕ್ಕರೆ ಕಾಯಿಲೆಯ ಮಾತು ಬರುವುದು ಇಲ್ಲಿಯೇ.

ಇದರ ಕೆಲಸ ಹೇಗೆ ಎನ್ನುತ್ತೀರಾ? ಅಕ್ಕಿ ಡಬ್ಬ ತಳ ಕಾಣುತ್ತಿದ್ದ ಹಾಗೆ ನಾವು ಏನು ಮಾಡುತ್ತೇವೆ? ಅನಗತ್ಯ ಖರ್ಚು ನಿಲ್ಲಿಸುತ್ತೇವೆ, ಅಟ್ಟದ ಮೇಲೆ ಎತ್ತಿಟ್ಟದ್ದನ್ನು ಇಳಿಸುತ್ತೇವೆ, ಅಂಗಡಿಗೆ ಹುಡುಗನನ್ನು ಓಡಿಸುತ್ತೇವೆ. ಜೀವಕೋಶದಲ್ಲೂ ಶಕ್ತಿ ಕಡಿಮೆಯಾದಾಗ ಹೀಗೆ ಎಚ್ಚರಿಸುವ ಒಂದು ವ್ಯವಸ್ಥೆ ಇದೆ. ಮಾಟ್ಸ್-ಸಿ ಆ ವ್ಯವಸ್ಥೆಯನ್ನು ಚುರುಕು ಮಾಡುತ್ತದೆ. ಆಗ ಸ್ನಾಯುಗಳು ರಕ್ತದಿಂದ ಸಕ್ಕರೆಯನ್ನು ಒಳಗೆ ಎಳೆದುಕೊಳ್ಳುತ್ತವೆ, ಕೂಡಿಟ್ಟ ಕೊಬ್ಬು ಉರಿಯುತ್ತದೆ. ದೇಹಕ್ಕೆ ಕಷ್ಟ ಬಂದಾಗ ಈ ಪೆಪ್ಟೈಡ್ ನೇರವಾಗಿ ಕೋಶಕೇಂದ್ರದೊಳಕ್ಕೇ ಹೋಗಿ ಅಲ್ಲಿನ ಜೀನುಗಳಿಗೆ ಏನು ಮಾಡಬೇಕೆಂದು ತಿಳಿಸುತ್ತದೆ ಎಂದು 2018ರಲ್ಲಿ ತಿಳಿದುಬಂತು. ಅಡುಗೆಮನೆಯಿಂದ ನಡುಮನೆಯ ಯಜಮಾನರಿಗೆ “ಹೀಗೆ ಮಾಡಿ” ಎಂದು ಚೀಟಿ ಹೋದ ಹಾಗೆ!

ಸುಂಡಿಲಿಗಳ ಮೇಲಿನ ಪ್ರಯೋಗಗಳು ಬೆರಗು ಹುಟ್ಟಿಸುತ್ತವೆ. ಕೊಬ್ಬಿನ ಆಹಾರ ತಿನ್ನಿಸಿದ ಸುಂಡಿಲಿಗಳಿಗೆ ದಿನವೂ ಮಾಟ್ಸ್-ಸಿ ಚುಚ್ಚಿದರು. ತಿಂದದ್ದು ಅಷ್ಟೇ ಆದರೂ ಅವು ದಪ್ಪವಾಗಲಿಲ್ಲ, ಇನ್ಸುಲಿನ್ ಮಾತು ಕೇಳುವುದನ್ನು ಅವುಗಳ ಮೈ ಬಿಡಲಿಲ್ಲ. 2021ರಲ್ಲಿ, 22 ತಿಂಗಳ ಸುಂಡಿಲಿಗಳಿಗೆ, ಅಂದರೆ ಅವುಗಳ ಲೆಕ್ಕದಲ್ಲಿ ಮುದುಕರಿಗೆ, ಎರಡು ವಾರ ಕೊಟ್ಟು ಓಡುವ ಪಟ್ಟಿಯ ಮೇಲೆ ಬಿಟ್ಟಾಗ ಅದನ್ನು ಕೊಡದ ಅದೇ ವಯಸ್ಸಿನ ಸುಂಡಿಲಿಗಳಿಗಿಂತ ಎರಡರಷ್ಟು ಹೊತ್ತು ಓಡಿದವು.

ಸೈಕಲ್ ತುಳಿದ ಹತ್ತು ಜನ

ಇಲಿಯ ಮಾತು ಇಲಿಗೆ, ಮನುಷ್ಯರದೇನು? ಅದೇ 2021ರ ಅಧ್ಯಯನದಲ್ಲಿ ಆರೋಗ್ಯವಂತ ಹತ್ತು ಯುವಕರನ್ನು ನಿಂತಲ್ಲೇ ತುಳಿಯುವ ಸೈಕಲ್ ಮೇಲೆ ಕೂರಿಸಿದರು. ತುಳಿಯುವ ಮೊದಲು, ಆದ ಮೇಲೆ, ನಾಲ್ಕು ಗಂಟೆ ವಿಶ್ರಾಂತಿಯ ಮೇಲೆ ತೊಡೆಯ ಸ್ನಾಯುವಿನ ಚೂರನ್ನೂ ರಕ್ತವನ್ನೂ ಪರೀಕ್ಷಿಸಿದರು. ವ್ಯಾಯಾಮದ ನಂತರ ಸ್ನಾಯುವಿನಲ್ಲಿ ಮಾಟ್ಸ್-ಸಿ ಹೆಚ್ಚುಕಡಿಮೆ ಹನ್ನೆರಡು ಪಟ್ಟು ಏರಿತ್ತು. ರಕ್ತದಲ್ಲಿ ಸುಮಾರು ಒಂದೂವರೆ ಪಟ್ಟು. ನಾಲ್ಕು ಗಂಟೆಯ ಮೇಲೂ ಸ್ನಾಯುವಿನಲ್ಲಿ ಏರಿಕೆ ಪೂರ್ತಿ ಇಳಿದಿರಲಿಲ್ಲ.

ಸೋದರಿಯರೇ, ಈ ಲೇಖನದಲ್ಲಿ ಒಂದೇ ಒಂದು ಮಾತು ನೆನಪಿಡುವುದಾದರೆ ಇದನ್ನು ನೆನಪಿಡಿ. ಯಾರೂ ಅವರಿಗೆ ಸೂಜಿ ಚುಚ್ಚಿರಲಿಲ್ಲ, ಪುಡಿ ಕುಡಿಸಿರಲಿಲ್ಲ. ಉಸಿರು ಏರುವ ಹಾಗೆ ಕಾಲು ಆಡಿಸಿದರು, ಅಷ್ಟೇ. ಅಮ್ಮ ಕೊಟ್ಟ ಒಲೆಗಳು ತಾವೇ ಚೀಟಿ ಬರೆದವು.

ಜಪಾನಿನಿಂದ ಬಂದ ಇನ್ನೊಂದು ಸುದ್ದಿಯೂ ಇದಕ್ಕೆ ಹೊಂದುತ್ತದೆ. ಅಲ್ಲಿ ಕೆಲವರಿಗೆ ತಾಯಿಯಿಂದ ಬಂದ ಮಾಟ್ಸ್-ಸಿ ಬರಹದಲ್ಲಿ ಒಂದು ಅಕ್ಷರ ಬೇರೆ ಇರುತ್ತದೆ. ಅಂಥ ಗಂಡಸರಲ್ಲಿ, ಕೂತಲ್ಲೇ ಕೂರುವವರಿಗೆ ಸಕ್ಕರೆ ಕಾಯಿಲೆ ಹೆಚ್ಚಾಗಿ ಕಂಡಿತು ಎಂದು 2021ರಲ್ಲಿ ಪ್ರಕಟವಾಯಿತು. ಹೆಂಗಸರಲ್ಲಿ ಹಾಗೆ ಕಾಣಲಿಲ್ಲ. ಬಳುವಳಿ ಹೇಗೇ ಇರಲಿ, ಅದನ್ನು ಬಳಸುವ ರೀತಿಯೂ ಮುಖ್ಯ ಎಂದಾಯಿತು.

ಹಾಗೆಂದು ಎಲ್ಲ ಸಲೀಸು ಎಂದಲ್ಲ. 2020ರ ಒಂದು ಅಧ್ಯಯನದಲ್ಲಿ, ವಯಸ್ಸಾದ ಗಂಡಸರ ರಕ್ತದಲ್ಲಿ ಮಾಟ್ಸ್-ಸಿ ಕಡಿಮೆ ಇದ್ದರೂ ಸ್ನಾಯುವಿನಲ್ಲಿ ಯುವಕರಿಗಿಂತ ಹೆಚ್ಚೇ ಇತ್ತು. ಸ್ತನ ಕ್ಯಾನ್ಸರಿನಿಂದ ಗುಣವಾದ ಅಮೆರಿಕದ ಹೆಂಗಸರಿಗೆ 16 ವಾರ ವ್ಯಾಯಾಮ ಮಾಡಿಸಿ ನೋಡಿದಾಗ ಬಿಳಿಯ ಜನಾಂಗದವರಲ್ಲಿ ಅದು ಏರಿತು, ಲ್ಯಾಟಿನ್ ಅಮೆರಿಕ ಮೂಲದವರಲ್ಲಿ ಏರಲಿಲ್ಲ. ‘ಕಡಿಮೆಯಾಗಿದೆ, ತುಂಬಿಸಿಬಿಡೋಣ’ ಎಂದು ಹೇಳುವಷ್ಟು ಸರಳವಲ್ಲ ಈ ಲೆಕ್ಕ.

ಮುಟ್ಟು ನಿಲ್ಲುವ ಕಾಲ

ನಲವತ್ತೈದರ ಆಚೆ ಈಚೆ ಮುಟ್ಟು ನಿಲ್ಲುವ ಹೊತ್ತಿಗೆ ಹೆಂಗಸರ ಮೈ ಬದಲಾಗುತ್ತದೆ. ಮೊದಲು ತೊಡೆ, ಸೊಂಟದ ಕಡೆ ಸೇರುತ್ತಿದ್ದ ಕೊಬ್ಬು ಹೊಟ್ಟೆಗೆ ಬರುತ್ತದೆ, ಸ್ನಾಯು ಕರಗುತ್ತದೆ, ಸಕ್ಕರೆ ಏರುವ ಸಂಭವ ಹೆಚ್ಚುತ್ತದೆ. 2019ರಲ್ಲಿ ಅಂಡಾಶಯ ತೆಗೆದ ಸುಂಡಿಲಿಗಳಿಗೆ ಮಾಟ್ಸ್-ಸಿ ಕೊಟ್ಟು ನೋಡಿದರು. ಕೊಬ್ಬು ಸೇರುವುದೂ ಇನ್ಸುಲಿನ್ ಕೆಲಸ ಕೆಡುವುದೂ ತಪ್ಪಿತು. ಇದೂ ಸುಂಡಿಲಿಯಲ್ಲೇ ಎಂಬುದನ್ನು ಮರೆಯಬಾರದು. ಆದರೆ ಈ ವಯಸ್ಸಿನಲ್ಲಿ ನಮ್ಮ ಸ್ನಾಯುಗಳನ್ನು ನಾವು ಕಾಪಾಡಿಕೊಳ್ಳಬೇಕು ಎಂಬುದಕ್ಕೆ ಇಲಿಯ ಸಾಕ್ಷಿ ಬೇಕಿಲ್ಲ. ಒಲೆಗಳು ಹೆಚ್ಚಾಗಿರುವುದೂ, ಸಕ್ಕರೆ ಹೆಚ್ಚು ಖರ್ಚಾಗುವುದೂ ಸ್ನಾಯುವಿನಲ್ಲೇ.

2023ರಲ್ಲಿ ಪ್ರಕಟವಾದ ಐ.ಸಿ.ಎಂ.ಆರ್. ಅಧ್ಯಯನದ ಪ್ರಕಾರ ನಮ್ಮ ದೇಶದಲ್ಲಿ ಸುಮಾರು 10 ಕೋಟಿ ಜನರಿಗೆ ಸಕ್ಕರೆ ಕಾಯಿಲೆ ಇದೆ. ಇನ್ನೂ 13 ಕೋಟಿಗೂ ಹೆಚ್ಚು ಜನ ಅದರ ಹೊಸ್ತಿಲಲ್ಲಿದ್ದಾರೆ. ಇವರಲ್ಲಿ ನಮ್ಮ ನಿಮ್ಮ ಮನೆಯವರೂ ಇದ್ದಾರಲ್ಲವೇ?

ಸೂಜಿಯ ವ್ಯಾಪಾರ

ಇಷ್ಟು ಜನ ಕಾಯಿಲೆಯವರಿದ್ದಾಗ ವ್ಯಾಪಾರಿಗಳು ಸುಮ್ಮನಿರುತ್ತಾರೆಯೇ? ನಮ್ಮ ಅತ್ತಿಗೆಗೆ ಆರು ವರ್ಷದಿಂದ ಸಕ್ಕರೆ ಕಾಯಿಲೆ. ಕಳೆದ ವರ್ಷ ಪರಿಚಯದವರೊಬ್ಬರು ಮೊಬೈಲಿನಲ್ಲಿ ಪುಟ್ಟ ಬಾಟಲಿಯ ಚಿತ್ರ ತೋರಿಸಿ, “ಇದು ಹೊರದೇಶದ ಪೆಪ್ಟೈಡ್, ಮೂರು ತಿಂಗಳು ಚುಚ್ಚಿಕೊಂಡರೆ ಮಾತ್ರೆಯೇ ಬೇಡ” ಎಂದರಂತೆ. ಹೇಳಿದ ಬೆಲೆಗೆ ಒಂದು ಜೊತೆ ಓಲೆ ಬರುತ್ತಿತ್ತು. ಅತ್ತಿಗೆ ಓಲೆ ಅಡವಿಡಲು ಮನಸ್ಸು ಮಾಡಿದ್ದರು. ಅದಕ್ಕಿಂತ ಭಯದ ವಿಷಯ, ಹೇಗೂ ಇದು ಬರುತ್ತದಲ್ಲ ಎಂದು ನಾಲ್ಕು ದಿನದಿಂದ ಮಾತ್ರೆ ನುಂಗುವುದನ್ನೇ ಬಿಟ್ಟಿದ್ದರು.

“ನೋಡೇ, ಇದರಲ್ಲಿ ಏನು ಬರೆದಿದೆ ಓದು” ಎಂದು ಆ ಚಿತ್ರವನ್ನು ನನಗೆ ಕೊಟ್ಟರು. ಅಕ್ಷರ ಸಣ್ಣದು. ಮಗಳು ಹಿಗ್ಗಿಸಿ ಓದಿದಳು. ‘ಸಂಶೋಧನೆಯ ಬಳಕೆಗೆ ಮಾತ್ರ. ಮನುಷ್ಯರ ಬಳಕೆಗೆ ಅಲ್ಲ’ ಎಂದು ಇಂಗ್ಲಿಷಿನಲ್ಲಿ ಬರೆದಿತ್ತು. “ಅತ್ತಿಗೆ, ಮಾರುವವನೇ ಇದು ಮನುಷ್ಯರಿಗಲ್ಲ ಅಂತ ಬರೆದುಕೊಂಡಿದ್ದಾನೆ. ನಾಳೆ ಏನಾದರೂ ಆದರೆ ಅವನ ಕೈ ಶುದ್ಧ” ಎಂದೆ. ಅತ್ತಿಗೆ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಒಳಗೆ ಹೋಗಿ ಬಿಟ್ಟಿದ್ದ ಮಾತ್ರೆ ಹುಡುಕಿ ತಂದರು. ಮರುದಿನ ಇಬ್ಬರೂ ಡಾಕ್ಟರ ಹತ್ತಿರ ಹೋದೆವು.

ನಿಜಸ್ಥಿತಿ ಹೀಗಿದೆ. ಮಾಟ್ಸ್-ಸಿ ಆಗಲಿ ಹ್ಯೂಮನಿನ್ ಆಗಲಿ ಸಕ್ಕರೆ ಕಾಯಿಲೆಗೋ ಮುಪ್ಪಿಗೋ ಔಷಧಿಯೆಂದು ಒಪ್ಪಿಗೆ ಪಡೆದಿಲ್ಲ. ಮಾಟ್ಸ್-ಸಿಯನ್ನು ಹೋಲುವ ಒಂದು ಪೆಪ್ಟೈಡನ್ನು ಅಮೆರಿಕದಲ್ಲಿ ಕೆಲವೇ ಜನರ ಮೇಲೆ ಕೆಲವು ವಾರ ಪರೀಕ್ಷಿಸಿ 2021ರಲ್ಲಿ ಫಲಿತಾಂಶ ಹೇಳಿದರು. ಸೂಜಿ ಚುಚ್ಚಿದ ಜಾಗದಲ್ಲಿ ತೊಂದರೆ ಕಂಡಿತ್ತು. ಅದು ಔಷಧಿಯಾಗಿ ಅಂಗಡಿಗೆ ಬರಲಿಲ್ಲ. 2023ರಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು ಮಾಟ್ಸ್-ಸಿಯನ್ನು ಸುರಕ್ಷತೆಯ ಬಗ್ಗೆ ಆತಂಕವಿರುವ ವಸ್ತುಗಳ ಸಾಲಿಗೆ ಸೇರಿಸಿತು. ವಿಶ್ವ ಡೋಪಿಂಗ್ ವಿರೋಧಿ ಸಂಸ್ಥೆ ಕ್ರೀಡಾಪಟುಗಳು ಅದನ್ನು ಬಳಸುವುದನ್ನು ನಿಷೇಧಿಸಿದೆ. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂಬ ಮಾತು ಈ ಬಾಟಲಿಗಳಿಗೂ ಸಲ್ಲುತ್ತದೆ.

ಹಾಗಾದರೆ ನಾವೇನು ಮಾಡಬೇಕು?

ಹಿಂದೆ ನಮ್ಮ ಅಜ್ಜಿಯರು ಬಾವಿಯಿಂದ ನೀರು ಸೇದಿ, ಒರಳಲ್ಲಿ ರುಬ್ಬಿ, ಒನಕೆಯಲ್ಲಿ ಕುಟ್ಟಿ ದಿನಕ್ಕೆ ಹತ್ತು ಸಲ ಉಸಿರು ಏರಿಸಿಕೊಳ್ಳುತ್ತಿದ್ದರು. ಆ ಕಾಲ ಮತ್ತೆ ಬರಲಿ ಎಂದು ನಾನು ಹೇಳುವುದಿಲ್ಲ, ಆ ದುಡಿತದಲ್ಲಿ ಅವರ ಸೊಂಟವೂ ಮುರಿದಿತ್ತು. ಆದರೆ ನಲ್ಲಿ, ಮಿಕ್ಸಿ, ವಾಷಿಂಗ್ ಮಷೀನ್ ಬಂದ ಮೇಲೆ ನಮ್ಮ ಕೆಲಸ ಹೆಚ್ಚಾಗಿ ನಿಂತು ಮಾಡುವ ಕೆಲಸ. ದಣಿವು ಇದೆ, ಉಸಿರು ಏರುವುದಿಲ್ಲ. ಸ್ನಾಯುವಿಗೆ ಕೆಲಸ ಸಾಲದು. ಅದಕ್ಕೇ ಈ ಕೆಳಗಿನವು:

1. ವಾರಕ್ಕೆ 150 ನಿಮಿಷ ಬಿರುಸು ನಡಿಗೆ. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದ ಲೆಕ್ಕ ಇದು. ದಿನಕ್ಕೆ ಅರ್ಧ ಗಂಟೆಯಂತೆ ಐದು ದಿನ. ಮಾತಾಡಬಹುದು, ಆದರೆ ಹಾಡು ಹೇಳಲಾಗಬಾರದು, ಅಷ್ಟು ಬಿರುಸು ಸಾಕು. ಒಂದೇ ಸಲ ಆಗದಿದ್ದರೆ ಹತ್ತು ನಿಮಿಷದ ಮೂರು ಕಂತು ಮಾಡಿ.

2. ಊಟವಾದ ಮೇಲೆ ಹತ್ತು ಹದಿನೈದು ನಿಮಿಷ ನಡೆಯಿರಿ. ಅಂಗಳದಲ್ಲಾದರೂ ಸರಿ, ತಾರಸಿಯ ಮೇಲಾದರೂ ಸರಿ. ಉಂಡ ಕೂಡಲೇ ಏರುವ ಸಕ್ಕರೆಯನ್ನು ಕಾಲಿನ ಸ್ನಾಯುಗಳು ಬಳಸಿಕೊಳ್ಳುತ್ತವೆ.

3. ವಾರಕ್ಕೆ ಎರಡು ದಿನ ಸ್ನಾಯುವಿಗೆ ಭಾರ ಕೊಡಿ. ಕೈ ಊರದೆ ಕುರ್ಚಿಯಿಂದ ಎದ್ದು ಕೂರುವುದು ಹತ್ತು ಸಲ, ಗೋಡೆಗೆ ಅಂಗೈ ಇಟ್ಟು ಮೈ ಬಾಗಿಸಿ ತಳ್ಳುವುದು ಹತ್ತು ಸಲ, ನೀರು ತುಂಬಿದ ಲೀಟರ್ ಬಾಟಲಿ ಹಿಡಿದು ತೋಳು ಎತ್ತಿ ಇಳಿಸುವುದು ಹತ್ತು ಸಲ. ಮಂಡಿ ನೋವಿದ್ದರೆ, ಹೃದಯದ ತೊಂದರೆ ಇದ್ದರೆ ಮೊದಲು ಡಾಕ್ಟರನ್ನು ಕೇಳಿ.

4. ಎಲ್ಲರಿಗೂ ಬಡಿಸಿ ಉಳಿದ ಅನ್ನ ಸಾರಿನಲ್ಲೇ ಊಟ ಮುಗಿಸಬೇಡಿ. ಹೆಸರುಕಾಳು, ಹುರುಳಿ, ಅಲಸಂದೆ, ಕಡಲೆ, ಮೊಸರು, ತಿನ್ನುವವರಾದರೆ ಮೊಟ್ಟೆ, ಮೀನು ಯಾವುದಾದರೂ ಒಂದು ನಿಮ್ಮ ತಟ್ಟೆಯಲ್ಲೂ ಇರಲಿ. ಪ್ರೋಟೀನಿಲ್ಲದೆ ಸ್ನಾಯು ಉಳಿಯದು.

5. ಮೂವತ್ತು ದಾಟಿದವರು ಸಕ್ಕರೆ ಪರೀಕ್ಷೆ ಮಾಡಿಸಿ. ಮೂರು ತಿಂಗಳ ಸರಾಸರಿ ತೋರಿಸುವ ಎಚ್‌ಬಿಎ1ಸಿ ಪರೀಕ್ಷೆಯಲ್ಲಿ 5.7ಕ್ಕಿಂತ ಕಡಿಮೆ ಇದ್ದರೆ ಸರಿ, 6.4ರವರೆಗೆ ಹೊಸ್ತಿಲು, 6.5 ಮತ್ತು ಮೇಲೆ ಕಾಯಿಲೆ.

6. ಡಾಕ್ಟರು ಕೊಟ್ಟ ಮಾತ್ರೆಯನ್ನು ಯಾರ ಮಾತು ಕೇಳಿಯೂ ನಿಲ್ಲಿಸಬೇಡಿ.

ಅಕ್ಕಪಕ್ಕದವರು ಕೇಳಿದ ಪ್ರಶ್ನೆಗಳು

“ಪೆಪ್ಟೈಡ್ ಪುಡಿಯನ್ನು ಹಾಲಿಗೆ ಹಾಕಿಕೊಂಡು ಕುಡಿದರೆ ಸೂಜಿಯ ಕಾಟ ಇಲ್ಲವಲ್ಲ?” ಹೊಟ್ಟೆಗೆ ಹೋದ ಪೆಪ್ಟೈಡಿನ ಗತಿ ಸಾಮಾನ್ಯವಾಗಿ ಬೇಳೆಯ ಪ್ರೋಟೀನಿನ ಗತಿಯೇ. ಜೀರ್ಣವಾಗಿ ಸರ ಕಡಿದು ಮಣಿ ಮಣಿಯಾಗುತ್ತದೆ. ಚೀಟಿಯನ್ನು ಹರಿದು ಚೂರು ಮಾಡಿದ ಮೇಲೆ ಓದುವುದು ಹೇಗೆ? ಇನ್ಸುಲಿನ್ನನ್ನು ಕುಡಿಯುವ ಬದಲು ಚುಚ್ಚಿಕೊಳ್ಳುವುದು ಇದೇ ಕಾರಣಕ್ಕೆ.

“ನನ್ನ ಅಮ್ಮನಿಗೆ ಸಕ್ಕರೆ ಕಾಯಿಲೆ ಇತ್ತು. ಒಲೆ ಅವಳದೇ ಅಂದಮೇಲೆ ನನಗೂ ತಪ್ಪಿದ್ದಲ್ಲವಲ್ಲ?” ಹಾಗೆ ಹೆದರಬೇಡಿ. ಸಾಮಾನ್ಯ ಸಕ್ಕರೆ ಕಾಯಿಲೆಗೆ ತಂದೆ ತಾಯಿ ಇಬ್ಬರ ಕಡೆಯ ಹಲವು ಜೀನುಗಳು, ತೂಕ, ಊಟ, ಓಡಾಟ ಎಲ್ಲ ಸೇರುತ್ತವೆ. ಅಮ್ಮನಿಗೆ ಇತ್ತು ಎಂದರೆ ಬೇಗ ಪರೀಕ್ಷೆ ಮಾಡಿಸಿಕೊಳ್ಳಿ, ಬೇಗ ನಡೆಯಲು ಶುರುಮಾಡಿ.

“ಐವತ್ತಾದ ಮೇಲೆ ಶುರುಮಾಡಿ ಏನು ಪ್ರಯೋಜನ?” ದುಡಿಸಿದರೆ ಸ್ನಾಯು ಯಾವ ವಯಸ್ಸಿನಲ್ಲೂ ಬಲವಾಗುತ್ತದೆ, ಅದರೊಳಗೆ ಹೊಸ ಒಲೆಗಳೂ ಹುಟ್ಟುತ್ತವೆ. ನಮ್ಮ ಅತ್ತಿಗೆಗೆ ಐವತ್ತೆರಡು. ಮಾತ್ರೆ ಸರಿಯಾಗಿ ತೆಗೆದುಕೊಂಡು, ಸಂಜೆ ಶಾಲೆಯ ಮೈದಾನದಲ್ಲಿ ನಡೆಯುತ್ತಾ ಆರು ತಿಂಗಳಾದಾಗ 8.2 ಇದ್ದ ಎಚ್‌ಬಿಎ1ಸಿ 7.3ಕ್ಕೆ ಬಂತು. ಮಾತ್ರೆಯ ಪಾಲೆಷ್ಟು, ನಡಿಗೆಯ ಪಾಲೆಷ್ಟು ಎಂದು ಬೇರ್ಪಡಿಸಿ ಹೇಳುವಂತಿಲ್ಲ. ಎರಡೂ ಬೇಕು.

ಮುಂದೊಂದು ದಿನ ಈ ಚೀಟಿಗಳಿಂದಲೇ ಒಳ್ಳೆಯ ಔಷಧಿ ಬಂದರೆ ಸಂತೋಷ. 1921ರಲ್ಲಿ ಕೆನಡಾದ ಟೊರಾಂಟೋದಲ್ಲಿ ಪ್ರಯೋಗದಲ್ಲಿದ್ದ ಇನ್ಸುಲಿನ್ 1922ರಲ್ಲಿ ಒಬ್ಬ ಹುಡುಗನ ಜೀವ ಉಳಿಸಿ ಲೋಕಕ್ಕೆಲ್ಲ ಬಂತು. ಆದರೆ ಅದು ಬಂದದ್ದು ಡಾಕ್ಟರ ಕೈಯಿಂದ, ಪರೀಕ್ಷೆಯ ದಾರಿಯಿಂದ. ಇದೂ ಹಾಗೆಯೇ ಬರಲಿ. ಅಲ್ಲಿಯವರೆಗೆ ನಮ್ಮ ಹಣ ನಮ್ಮ ಗಂಟಿನಲ್ಲಿರಲಿ, ಓಲೆ ಕಿವಿಯಲ್ಲಿರಲಿ. ಮನೆಯವರಿಗೆ ರಾತ್ರಿಯ ಊಟ ಬಡಿಸಿದ ಮೇಲೆ ಪಾತ್ರೆ ಕಾಲು ಗಂಟೆ ಕಾದರೆ ಏನೂ ಆಗುವುದಿಲ್ಲ. ಚಪ್ಪಲಿ ಮೆಟ್ಟಿ ಪಕ್ಕದ ಮನೆಯವರನ್ನೂ ಕೂಗಿ ಹೊರಡಿ. ಮಗಳಿದ್ದರೆ ಅವಳನ್ನೂ ಕರೆಯಿರಿ, ಒಲೆ ಅವಳದೂ ಅಲ್ಲವೇ?